ಸ್ಕ್ಯಾನ್ ಯಂತ್ರಕ್ಕೆ ಒಂದು ಬುಟ್ಟಿ ದ್ರಾಕ್ಷಿ

“ಏ ನನ್ನವ್ವ, ಒಳಗೆ ಏನೂ ಇಲ್ಲ ಅಂತ ಹೇಳ್ಬುಡು. ಬರೋ ಸಲ ನಮ್ ತೋಟದ ಪನ್ನೀರು ದ್ರಾಕ್ಷಿ ಒಂದು ಬುಟ್ಟಿ ತತ್ತೀನಿ!”

ತಮಿಳುನಾಡಿನ ತೇನಿಯ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಅಂಗಾತ ಮಲಗಿ ನಾನು ಯಂತ್ರಕ್ಕೆ ಲಂಚದ ಆಸೆ ತೋರಿಸುತ್ತಿದ್ದೆ. ಕ್ಯಾನ್ಸರ್ ವಾಸಿಯಾಗಿ ಕೆಲವು ವರ್ಷಗಳಾಗಿವೆ. ಆದರೂ ಮರುತಪಾಸಣೆ ಹತ್ತಿರ ಬಂದರೆ ಸಣ್ಣ ಕೆಮ್ಮಿಗೂ ಅದೇ ತಿರುಗಿ ಬಂತೇನೋ ಎನಿಸುತ್ತದೆ. ಮನೆಯವರ ಎದುರು ಧೈರ್ಯವಂತೆಯ ವೇಷ. ಅಳುವುದು, ಗೋಗರೆಯುವುದು, ಬೈಯುವುದು ಎಲ್ಲ ಈ ಯಂತ್ರದ ಮುಂದೆ. ಅದೂ ನಮ್ಮ ಮನೆಮಾತು ಕನ್ನಡದಲ್ಲಿ. ಸುತ್ತ ಎಲ್ಲರದೂ ತಮಿಳು, ಯಾರಿಗೆ ಅರ್ಥವಾಗಬೇಕು?

“ಏನಾರ ಎಡವಟ್ಟು ತೋರಿಸಿದ್ಯೋ, ನಿನ್ ವೈರು ಕಿತ್ತಾಕ್ಬುಡ್ತೀನಿ,” ಎಂದು ಬೆದರಿಕೆಯನ್ನೂ ಹಾಕಿದೆ.

ತಲೆಯ ಹತ್ತಿರದ ಸ್ಪೀಕರ್ ಗೊರಗುಟ್ಟಿತು. “ಅಕ್ಕಾ, ವೈರು ಕೀಳ್ಬ್ಯಾಡಿ, ನನ್ ಕೆಲ್ಸ ಹೋಯ್ತದೆ. ದ್ರಾಕ್ಷಿ ಬೇಕಾರೆ ನಂಗೇ ಕೊಡಿ. ಈಗ ಕೊಂಜ ಹೊತ್ತು ಉಸ್ರು ಹಿಡ್ಕಳಿ.”

ಗಾಜಿನಾಚೆ ಕೂತು ಸ್ಕ್ಯಾನ್ ತೆಗೆಯುವ ಹುಡುಗಿ ಹತ್ತಿರದ ತೇವಾರ ಊರಿನವಳು, ನಮ್ಮ ಕನ್ನಡದವಳೇ! ಹೋದ ಸಲ ನಾನು ಅತ್ತಿದ್ದೂ ಕೇಳಿಸಿತ್ತಂತೆ; ಅಳುವಾಗ ನಡುವೆ ಬಾಯಿ ಹಾಕಬಾರದೆಂದು ತನಗೆ ಕನ್ನಡ ಬರುವುದನ್ನು ತೋರಿಸಿಕೊಳ್ಳಲಿಲ್ಲವಂತೆ. ಈ ಸಲ ನನ್ನ ನಗುವಿಗೆ ಹೊಟ್ಟೆ ಕುಣಿದು ಚಿತ್ರ ಕೆಟ್ಟಿತು, ಇನ್ನೊಮ್ಮೆ ತೆಗೆಯಬೇಕಾಯಿತು.

ವರದಿಯಲ್ಲಿ ಏನೂ ಇರಲಿಲ್ಲ. ಭಯವೇನೂ ಹೋಗಿಲ್ಲ. ಆದರೆ ಈಗ ಕೆಮ್ಮು ಬಂದರೆ ಎದ್ದು ತೋಟಕ್ಕೆ ಹೋಗಿ, ಮುಂದಿನ ಸ್ಕ್ಯಾನಿಗೆ ಸರಿಯಾಗಿ ಯಾವ ಗೊಂಚಲು ಹಣ್ಣಾದೀತು ಎಂದು ನೋಡುತ್ತೇನೆ. ಬರಿಗೈಯಲ್ಲಿ ಹೋದರೆ ಆ ಹುಡುಗಿ ಮೈಕಿನಲ್ಲೇ ‘ದ್ರಾಕ್ಷಿ ಎಲ್ಲಿ?’ ಎಂದು ಕೇಳಿಬಿಡುತ್ತಾಳೆ.