ಮಣ್ಣಿನ ಇಗರ್ಜಿಗೆ ಹರಿನಾಥನ ಸಿಮೆಂಟು

ನೇರಳಡ್ಕದ ಇಗರ್ಜಿಯನ್ನು ಕಟ್ಟಿಸಿದ ಸ್ಪೇನಿನ ಪಾದ್ರಿಗೆ ಮಳೆಯೆಂದರೆ ಏನೆಂದೇ ಗೊತ್ತಿರಲಿಲ್ಲವಂತೆ. ಅವನ ಊರಿನಲ್ಲಿ ಒಬ್ಬ ಮನುಷ್ಯನ ಆಯುಷ್ಯಕ್ಕೆ ಹನ್ನೊಂದು ಹನಿ. ಹನ್ನೆರಡನೆಯದು ಬಿದ್ದರೆ ಗಂಟೆ ಹೊಡೆದು ಸಾರುತ್ತಿದ್ದರು. ಪುತ್ತಿಗೆಯ ಆಚೆ, ಕೆಂಪುಕಲ್ಲು ಕೇಳಿದಷ್ಟು ಸಿಗುವ ನೆಲದಲ್ಲಿ, ಆತ ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿಗೆ ಒಣಗಿಸಿದ ಸುಡದ ಇಟ್ಟಿಗೆಯಲ್ಲೇ ಗೋಡೆ ಏರಿಸಿದ. ಮೊದಲ ಮಳೆಗಾಲದ ಆಟಿ ತಿಂಗಳಿಗೇ ಅರ್ಧ ಇಗರ್ಜಿ ಹೊಳೆ ಸೇರಿ, ಮೊಗ್ರಾಲಿನ ಅಳಿವೆಯಲ್ಲಿ ಬಲೆ ಬೀಸಿದವರಿಗೆ ಮೀನಿನ ಜತೆ ಪೂಜಾಪೀಠವೂ ಸಿಕ್ಕಿತು ಎಂಬುದು ಈಗ ಆ ಗೋಡೆಗಳನ್ನು ನೋಡಿಕೊಳ್ಳುವ ಹರಿನಾಥನ ಮನೆಯಲ್ಲಿ ಉಳಿದ ಚರಿತ್ರೆ. ಆಗ ಪಾದ್ರಿಗೆ ಉಪಾಯ ಹೇಳಿಕೊಟ್ಟವನು ಹರಿನಾಥನ ಅಜ್ಜನ ಅಜ್ಜ: ಮಳೆಗೆ ಮುಂಚೆ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟು, ಮಳೆ ಹೋದ ಮೇಲೆ ಬಿಚ್ಚು, ಉಮಿ ಬೆರೆಸಿ ಕೊಳೆಸಿದ ಮಣ್ಣು ಮೆತ್ತು. ಪ್ರತಿವರ್ಷ.

ಆ ‘ಪ್ರತಿವರ್ಷ’ವೇ ಹರಿನಾಥನಿಗೆ ಬಂದ ಪಿತ್ರಾರ್ಜಿತ. ಈಗ ಅವನಿಗೆ ಅರುವತ್ತೆಂಟು. ಕೋಲ ಮನೆಯ ಭೂತಕ್ಕೆ, ದುಡಿಮೆ ಇಗರ್ಜಿಯ ಮರಿಯಮ್ಮನ ಗೋಡೆಗೆ. ಎರಡೂ ಕಡೆಯಿಂದ ತಕರಾರು ಬಂದದ್ದಿಲ್ಲ. ಮೆತ್ತಲೆಂದು ಅವನು ಕಾಲಲ್ಲಿ ಮೆಟ್ಟಿ ಹದ ಮಾಡಿದ ಮಣ್ಣನ್ನು ರಾಶಿ ಹಾಕಿದ್ದರೆ ಕುದುರೆಮುಖಕ್ಕೆ ಒಬ್ಬ ತಮ್ಮ ಹುಟ್ಟುತ್ತಿದ್ದ.

ಮೆಟ್ಟಲು ಜನ ಸಿಗದಾಗಿ, ಮೊಣಕಾಲುಗಳೂ ಮುಷ್ಕರ ಹೂಡಿದ ಮೇಲೆ, ಐದು ವರ್ಷದ ಹಿಂದೆ ಇಗರ್ಜಿಯ ಉಸ್ತುವಾರಿ ನೋಡುವ ಗುರ್ಕಾರರಾದ ಲಾದ್ರು ಪೊರ್ಬುಗಳು “ಸಿಮೆಂಟು ಹಾಕುವನಾ ಹರಿನಾಥ?” ಎಂದಾಗ ಅವನು ಬೇಡ ಎನ್ನಲಿಲ್ಲ. ಮೊಳದುದ್ದದ ಮೊಳೆ ಹೊಡೆದು, ಕೋಳಿಗೂಡಿನ ಬಲೆ ಬಿಗಿದು, ಎರಡಿಂಚು ದಪ್ಪ ಬಳಿದ. ಭೂಕಂಪ ಬಂದರೂ ಕೈಮುಗಿದು ಹಿಂದೆ ಹೋಗಬೇಕು, ಅಂಥ ಕೆಲಸ. ಆ ಜೂನಿನಲ್ಲಿ ತಟ್ಟಿ ಕಟ್ಟುವ ಗೋಳಿಲ್ಲದೆ ಜಗಲಿಯಲ್ಲಿ ಕುಳಿತು, ಹೆಂಡತಿ ಜಲಜಾಕ್ಷಿ ಕೊಟ್ಟ ಚಹಾ ಕುಡಿಯುತ್ತ ಮಳೆಯನ್ನು ನೋಡಿ ನಕ್ಕಿದ್ದ.

ಈ ಮಾರ್ಚಿನಲ್ಲಿ ಸಿಮೆಂಟಿನ ಮೇಲೆ ಕೂದಲೆಳೆಯ ಬಿರುಕು ಕಂಡಿತು. ಬಡಿದು ನೋಡಿದ. ಹಣ್ಣಾದ ಹಲಸಿನ ಸದ್ದು. ನೆಲದಿಂದ ಏರಿದ ನೀರು ಮೊದಲೆಲ್ಲ ಮಣ್ಣಿನ ಮೈಯಿಂದ ಬಿಸಿಲಿಗೆ ಆರಿಹೋಗುತ್ತಿತ್ತು. ಈಗ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು ಐದು ವರ್ಷದಿಂದ ಗೋಡೆಯನ್ನು ಒಳಗೊಳಗೇ ಕಲಸುತ್ತಿತ್ತು.

“ಕೆಡವುವುದೇ ಅಂತ ಕಮಿಟಿ ಹೇಳ್ತದೆ. ಎಂಜಿನಿಯರು ಬರೆದು ಕೊಟ್ಟದ್ದೂ ಉಂಟು,” ಎಂದರು ಲಾದ್ರು.

“ಮಳೆಗೆ ಎರಡು ತಿಂಗಳು ಉಂಟಲ್ಲ ಪೊರ್ಬುಗಳೇ. ಸಿಮೆಂಟು ಕಿತ್ತು ತೆಗೀತೇನೆ. ಒಣಗಿದರೆ ನಿಲ್ತದೆ.”

“ನಿನ್ನ ಮೊಣಕಾಲು?”

“ಅದನ್ನು ಗೋಡೆಗೆ ಹಾಕಲಿಕ್ಕಿಲ್ಲ.”

“ಒಂದು ವಾರ ಮಾರಾಯ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಇಲ್ಲ.”

ಜಲಜಾಕ್ಷಿ ಬುತ್ತಿ ಕಟ್ಟುತ್ತ ಬೈದಳು: “ಹಾಕುವಾಗ ಒಂದು ಮಾತು ನನ್ನತ್ರ ಕೇಳಿದ್ರಾ? ತಲೆಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ ಮಲಗಿ ನೋಡಿ. ಗೋಡೆಗೆ ಎಂತ ಆದದ್ದು ಅಂತ ಗೊತ್ತಾಗ್ತದೆ.”

ಉತ್ತರದ ಗೋಡೆಗೆ ಉಳಿ ಇಟ್ಟ. ಸಿಮೆಂಟು ಅಲುಗಲಿಲ್ಲ, ಅಲುಗಿದಾಗ ಒಂಟಿಯಾಗಿ ಬರಲಿಲ್ಲ. ಒಂದೊಂದು ಮೊಳೆಯೂ ಬುಟ್ಟಿ ಮಣ್ಣನ್ನು ಅಪ್ಪಿಕೊಂಡೇ ಬಂತು. ಒಳಗೆ ಅವನು ಮೆತ್ತಿದ ಪದರ, ಅದರ ಹಿಂದೆ ಅಪ್ಪನದು, ಅದರ ಹಿಂದೆ ಸ್ವಲ್ಪ ಹಳದಿಗಿದ್ದ ಅಜ್ಜನದು. ಎಲ್ಲವೂ ಗಂಜಿಯಾಗಿ ಕಾಲ ಮೇಲೆ ಇಳಿದವು. ಬಲೆಯನ್ನು ಕತ್ತರಿಸಿ ನೋಡಿದ. ಬಡಿಯದೆ ಗರಗಸದಲ್ಲಿ ಕೊಯ್ದು ನೋಡಿದ. ನಾಲ್ಕನೆಯ ದಿನಕ್ಕೆ ಕಿಟಕಿಯಷ್ಟು ಸಿಮೆಂಟು ಹೋಗಿದ್ದ ಕಡೆ ಎಮ್ಮೆ ಕಟ್ಟುವಷ್ಟು ಗುಂಡಿ. ಕಿತ್ತರೆ ಬೀಳುತ್ತದೆ, ಬಿಟ್ಟರೆ ಕೊಳೆಯುತ್ತದೆ. ಇಷ್ಟು ಗಟ್ಟಿಯಾದ ಕೆಲಸವನ್ನು ಅವನು ಜೀವಮಾನದಲ್ಲಿ ಬೇರೆಲ್ಲೂ ಮಾಡಿರಲಿಲ್ಲ.

ಸಂಜೆ ಲಾದ್ರುವಿನ ಅಂಗಳಕ್ಕೆ ಹೋದ.

“ಜೆಸಿಬಿಯವನಿಗೆ ಹೇಳಿ ಪೊರ್ಬುಗಳೇ. ಮತ್ತೆ, ಆದಿತ್ಯವಾರದ ಪೂಜೆ ಒಳಗೆ ಬೇಡ. ಮಕ್ಕಳು ಕೂತುಕೊಳ್ತಾರೆ.”

“ಇನ್ನೂ ಮೂರು ದಿವಸ ಉಂಟಲ್ಲ ನಿನಗೆ?”

“ಗೋಡೆಗೆ ಇಲ್ಲ.”

ಲಾದ್ರು ಜಗಲಿಯಿಂದ ಇಳಿದು ಹತ್ತಿರ ಬಂದರು. “ಸಿಮೆಂಟು ಅಂತ ಹೇಳಿದ್ದು ನಾನು.”

“ನೀವು ಹೇಳಿದಿರಿ. ನಿಮಗೆ ಮಣ್ಣು ಗೊತ್ತಿಲ್ಲ. ನನಗೆ ಗೊತ್ತಿತ್ತು.”

ಮರುದಿನ ಮರಿಯಮ್ಮನ ಮೂರ್ತಿಯೂ ಬೆಂಚುಗಳೂ ಹೊರಗೆ ಬರುವಾಗ ಹರಿನಾಥ ಉತ್ತರದ ಗೋಡೆಯ ಗುಂಡಿಗೆ ಬೆನ್ನು ಕೊಟ್ಟು ನಿಂತು, ಯಾರನ್ನೂ ಆ ಬದಿಗೆ ಬರಗೊಡಲಿಲ್ಲ. ಹಸಿಮಣ್ಣಿಗೆ ಅಂಗಿ ಒದ್ದೆಯಾಗುತ್ತಿತ್ತು. ಕೊನೆಯ ಬೆಂಚು ಬಾಗಿಲು ದಾಟಿದ ಮೇಲೂ ಗೋಡೆ ಬಿಟ್ಟು ಬಾ ಎಂದು ಲಾದ್ರು ಅವನನ್ನು ಮೂರು ಸಲ ಕರೆಯಬೇಕಾಯಿತು.