ಪಾರ್ಚ್‌ಮೆಂಟ್ ಬಿಳಿ, ಚೆರಿ ಕಪ್ಪು

ಇಲ್ಲಿ ಆಕಾಶದಿಂದ ಮನುಷ್ಯರು ಕೂಗುತ್ತಾರೆ. ಮೂಡಿಗೆರೆ ಹತ್ತಿರದ ಈ ಎಸ್ಟೇಟಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ, ತಲೆಯ ಮೇಲೆಲ್ಲಿಂದಲೋ "ಮರೆಗ್ ಹೋಗ್ರೋ!" ಎಂಬ ಕೂಗು. ಹಿಂದೆಯೇ ನೆಲ ಅದುರಿಸುವ ಸದ್ದು. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳಲೆಂದು ಎತ್ತರದ ಮರ ಹತ್ತಿ ಕೊಂಬೆ ಕಡಿಯುವ ಈ ಕೆಲಸಕ್ಕೆ ಮರಗಸಿ ಎನ್ನುತ್ತಾರೆ. ಬಿಜಾಪುರದಲ್ಲಿ ನಾವು ತಲೆಯೆತ್ತುತ್ತಿದ್ದದ್ದು ಮೋಡ ಹುಡುಕಲು ಮಾತ್ರ.

ಗಂಡ ಈರಣ್ಣನಿಗೆ ಇಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ಉಸ್ತುವಾರಿ. ಸಾಮಾನಿನ ಜೊತೆ ನನ್ನ ಗೋ ಮಣೆಯೂ ಬಂತು. ಗೋ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಆಟ. ಗೆರೆ ಕೂಡುವಲ್ಲಿ ಕಪ್ಪು ಬಿಳಿ ಕಾಯಿಗಳನ್ನಿಟ್ಟು ಜಾಗ ಸುತ್ತುವರಿಯಬೇಕು. ಧಾರವಾಡದ ಹಾಸ್ಟೆಲಿನಲ್ಲಿ ಕಲಿತಿದ್ದ ಅಣ್ಣ ಮಹಾಂತೇಶ ನನಗೂ ಕಲಿಸಿದ್ದ. ಆದರೆ ಕಾಯಿಗಳ ಡಬ್ಬಿ ದಾರಿಯಲ್ಲೇ ಕಳೆದುಹೋಗಿತ್ತು. ಈರಣ್ಣ ಕಣದಿಂದ ಎರಡು ಬಟ್ಟಲು ತುಂಬಿ ತಂದ. ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್, ಅದು ಬಿಳಿ ಕಾಯಿ. ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರಿ, ಅದು ಕಪ್ಪು. ಚೆರಿ ಉರುಳುತ್ತದೆ. ನಮ್ಮ ಮನೆಯಲ್ಲಿ ಕಪ್ಪು ಹಿಡಿದವರು ಉಸಿರು ಬಿಗಿಹಿಡಿದೇ ಆಡಬೇಕು.

ಮರಗಸಿ ಆಳುಗಳ ಮೇಸ್ತ್ರಿ ಸುಂದರಣ್ಣ ಜಗಲಿಯಲ್ಲಿ ನಿಂತು ನೋಡಿ, "ಹಿಂಗೆ ಒಂದೊಂದೇ ಬೀಜ ಇಡ್ತಾ ಕೂತ್ರೆ ಕ್ಯೂರಿಂಗ್ ಮಿಲ್ಲಿಗೆ ಕಳ್ಸದು ಯಾವಾಗ ಮಾರಾಯ್ರೆ?" ಎಂದು ನಗುತ್ತಿದ್ದರು.

ಭಾನುವಾರ ಮೂಡಿಗೆರೆಯ ಸೈಬರ್ ಕೆಫೆಗೆ ಹೋಗಿ ವಾರದ ಆಟದ ಕಿಫುವನ್ನು, ಅಂದರೆ ಯಾವ ಕಾಯಿ ಯಾವಾಗ ಎಲ್ಲಿ ಬಿತ್ತೆಂಬ ದಾಖಲೆಯನ್ನು, ಗೋ ಆಡುವವರ ಜಾಲತಾಣಕ್ಕೆ ಹಾಕುತ್ತಿದ್ದೆ. ಬಿಜಾಪುರದಲ್ಲಿ ಅಣ್ಣ ಅದನ್ನು ಮೊದಲಿನಿಂದ ಆಡಿ ನೋಡಿ, "ಇಲ್ಲಿ ಯಾಕವಾ ಇಷ್ಟ ಅಂಜಿದಿ?" ಎಂದು ಬೈದು ಬರೆಯುತ್ತಿದ್ದ. ಕಡುಬು, ಅಕ್ಕಿರೊಟ್ಟಿಗೆ ನಾಲಿಗೆ ಇನ್ನೂ ಒಗ್ಗಿರಲಿಲ್ಲ. ಆ ಬೈಗುಳ ಓದಿದ ದಿನ ಜೋಳದ ರೊಟ್ಟಿ ಉಂಡಷ್ಟು ಸಮಾಧಾನವಾಗುತ್ತಿತ್ತು.

ಮರುವರ್ಷದ ಮರಗಸಿ. ಮಗಳು ಗೌರಿಯೊಡನೆ ಆಡುತ್ತಿದ್ದ ಈರಣ್ಣ ಅರ್ಧಕ್ಕೆ ಎದ್ದ. "ಪಲ್ಪರ್ ನೋಡಿ ಬರ್ತೀನಿ. ಕಾಯಿ ಸರಿಸಿದ್ರ ನೋಡು!" ಅವನು ತೋಟದೊಳಗೆ ಇಳಿದದ್ದೇ ಮೇಲಿಂದ ಕೂಗು ಬಂತು. ಇಲ್ಲಿಯವರು ಆ ಕೂಗಿಗೆ ಓಡುವುದಿಲ್ಲ. ಹತ್ತಿರದ ದಪ್ಪ ಮರದ ಮರೆಗೆ ಸರಿದು ಬೊಡ್ಡೆಗೆ ಅಂಟಿಕೊಳ್ಳುತ್ತಾರೆ. ನಾವು ಬಯಲುಸೀಮೆಯವರು. ನಮ್ಮ ಕಾಲಿಗೆ ಗೊತ್ತಿರುವ ರಕ್ಷಣೆ ಬಯಲೊಂದೇ. ಈರಣ್ಣ ಗಿಡಗಳ ಸಾಲಿನ ನಡುವೆ ಆಕಾಶ ಕಾಣುತ್ತಿದ್ದ ಕಡೆಗೆ ಓಡಿದ. ಸಿಲ್ವರ್ ಓಕ್ ಕೊಂಬೆ ಬಿದ್ದದ್ದು ಅಲ್ಲಿಗೇ.

ಜಗಲಿಯಿಂದ ಎಲೆಗಳ ಬೆಳ್ಳಿ ಬಣ್ಣದ ಬೆನ್ನು ಒಮ್ಮೆಲೇ ಹೊರಳಿದ್ದು ಕಂಡೆ. ಆಮೇಲೆ ಒಂಟಿ ಚಪ್ಪಲಿ.

ಭುಜದ ಮೂಳೆ ಮುರಿದಿತ್ತು, ಜೀವ ಉಳಿದಿತ್ತು. ಸುಂದರಣ್ಣ ಮೆಟ್ಟಿಲ ಮೇಲೆ ಕುಸಿದು ಕೂತು, "ಎಂಥ ಮಾರಾಯ್ರೆ, ಬಯಲಿಗ್ ಓಡದಾ? ಇಷ್ಟ್ ಮರ ಇದಾವಲ್ಲ!" ಎಂದು ಒಂದೇ ಸಮನೆ ಬೈದರು. ನನ್ನ ಕಣ್ಣೊಳಗೆ ಮಾತ್ರ ಆ ಕೊಂಬೆ ಬೀಳುವುದು ನಿಲ್ಲಲಿಲ್ಲ. ಈಗಲೂ ನಿಂತಿಲ್ಲ. ಕಿಫುವಿನಲ್ಲಿ ಹಿಂದೆ ಹೋಗಿ ಬೇರೆ ನಡೆ ಆಡಿ ನೋಡಬಹುದು. ಇದನ್ನೂ ಹಾಗೆ ಆಡಿ ನೋಡುತ್ತೇನೆ: ಅವನು ಎಡಕ್ಕೆ ಹೋಗಿದ್ದರೆ, ತಡವಾಗಿ ಎದ್ದಿದ್ದರೆ, ಜೊತೆಗೆ ಗೌರಿ ಹೋಗಿದ್ದರೆ.

ಅಣ್ಣ ಫೋನ್ ಮಾಡಿದ. "ಬಂದಬಿಡ್ರಿ. ಇಲ್ಲೇ ವರ್ಕ್‌ಶಾಪಿನಾಗ ಈರಣ್ಣಗ ಕೆಲಸ ಐತಿ. ಮುಂದಿನ ರವಿವಾರದೊಳಗ ಹೇಳು."

ಈರಣ್ಣನಿಗೆ ಇಲ್ಲಿಯ ಯಂತ್ರಗಳ ಮೇಲೆ ಜೀವ. "ನಿನಗ ಹೆಂಗ ಅನಸ್ತದೋ ಹಂಗ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ. ನಾನು ಟ್ರಂಕಿಗೆ ಬಟ್ಟೆ ತುಂಬಿದೆ. ಮಣೆಯನ್ನು ಮುಟ್ಟಲು ಮಾತ್ರ ಗೌರಿ ಬಿಡಲಿಲ್ಲ. ಅವಳ ಹಟಕ್ಕೆ ಆ ಅರ್ಧ ಆಟವನ್ನೇ ತಾಣಕ್ಕೆ ಹಾಕಿ ಬಂದೆ.

ಅಣ್ಣ ಹೇಳಿದ್ದ ಭಾನುವಾರ ಕೆಫೆಯಲ್ಲಿ, ಬರುತ್ತೇವೆಂದು ಅವನಿಗೆ ಬರೆಯಲು ಕೂತಾಗ, ಆ ಆಟದ ಕೆಳಗೆ ಮುಖವೇ ನೋಡದ ಫಿನ್ಲೆಂಡಿನ ಆಟಗಾರರೊಬ್ಬರು ಬರೆದಿದ್ದರು: "ಇಲ್ಲಿಗೇ ನಿಲ್ಲಿಸಿದ್ದೇಕೆ? ಇನ್ನೂ ಯಾರೂ ಸೋತಿಲ್ಲವಲ್ಲ."

ಬರೆದಿದ್ದಷ್ಟನ್ನೂ ಅಳಿಸಿದೆ. ಕೊನೆಗೆ ಅಣ್ಣನಿಗೆ, "ಈ ಮಳೆಗಾಲ ನೋಡ್ತೀವಿ" ಎಂದು ಬರೆದು ಎದ್ದೆ.

ಅಂದು ಸಂಜೆ ಆಟ ಮುಂದುವರಿಯಿತು. ಭುಜಕ್ಕೆ ಕಟ್ಟು ಹಾಕಿಕೊಂಡ ಈರಣ್ಣ ಬಾಯಲ್ಲಿ ಜಾಗ ಹೇಳುವುದು, ಗೌರಿ ಅವನ ಕಾಯಿಯನ್ನೂ ತಾನೇ ಇಡುವುದು.

"ಎಂಥ ಅಪ್ಪ ನೀನು, ಅಲ್ಲಿಟ್ರೆ ಸಾಯ್ತೀಯ. ಬೇರೆ ಹೇಳು."

"ಏ, ನೀ ನನ್ನ ವೈರಿ ಅದೀಯೋ, ವಕೀಲ ಅದೀಯೋ?"

ಅವನು ನಕ್ಕ. ಭುಜ ನೋಯಿತು. ಮತ್ತೂ ನಕ್ಕ. ಅವಳ ಮಾತು ಯಾವಾಗ ಈ ಊರಿನದಾಯಿತೆಂದು ನನಗೆ ತಿಳಿದಿರಲೇ ಇಲ್ಲ.

ಮಳೆಗಾಲ ಕಳೆಯಿತು, ಇನ್ನೆರಡು ಮರಗಸಿಯೂ ಕಳೆದವು. ಮೊನ್ನೆ ರಜೆಗೆ ಬಿಜಾಪುರಕ್ಕೆ ಹೋಗಿದ್ದೆವು. ಅಣ್ಣ ಮಾಳಿಗೆಯಿಂದ ಮೇವಿನ ಸಿವುಡು ಕೆಳಗೆ ಎಸೆಯುತ್ತ, "ಸರೀರಿ!" ಎಂದು ಕೂಗಿದ. ಮರುಕ್ಷಣ ನಾನು, ಗೌರಿ, ಈರಣ್ಣ ಮೂವರೂ ಅಂಗಳದ ಬೇವಿನ ಬೊಡ್ಡೆಗೆ ಅಂಟಿಕೊಂಡಿದ್ದೆವು.

"ಅಯ್ಯ, ಹುಲ್ಲಿಗೆ ಹೆದರಿ ಅಪ್ಕೊಂಡ ನಿಂತೀರೇನ್ರೋ!" ಅಣ್ಣ ಹೊಟ್ಟೆ ಹಿಡಿದು ನಗುತ್ತಿದ್ದ.

ಅಂಗಳದಾಚೆ ಹೊಲ, ಹೊಲದಾಚೆ ಮತ್ತೆ ಹೊಲ. ಬಸ್ಸಿನ ದಾರಿಯುದ್ದಕ್ಕೂ ನಾನು ಹಂಬಲಿಸಿದ್ದ ಅದೇ ಬಯಲು. ಅಲ್ಲಿಗೆ ಓಡಬಹುದಿತ್ತೆಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.