ಬೀಜದ ಮೂಲೆಯಲ್ಲಿ ಬ್ಯಾಟರಿ

ಹಿರೇಬೆಂಡಿಗೇರಿಯಲ್ಲಿರುವ ನನ್ನ ಅಕ್ಕ ಬೆಲೆಬಾಳುವ ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಟ್ಟವಳಲ್ಲ. ಟಿವಿಗೆ ಕಸೂತಿ ಬಟ್ಟೆ, ಮಿಕ್ಸರಿಗೆ ಹಳೆಯ ಲಂಗ. ಮನೆಗೆ ಸೋಲಾರ್ ಬಂದಾಗ ಅದರ ಬ್ಯಾಟರಿಗೂ ಕೌದಿ ಹೊದಿಸಿದ್ದಳು. ಅದೂ ಹಿತ್ತಲ ತಗಡಿನ ಶೆಡ್ಡಿನಲ್ಲಿ, ಏಪ್ರಿಲ್ ಬಿಸಿಲಿನಲ್ಲಿ! ನೋಡಿ ನನಗೆ ಮೈ ಉರಿಯಿತು. ಬ್ಯಾಟರಿಗೆ ಇನ್ನೂ ಹೆಚ್ಚು ಉರಿದಿರಬೇಕು, ಮಧ್ಯಾಹ್ನವಾಗುತ್ತಲೇ ಕುಂಯ್ ಎಂದು ಬಂದ್ ಆಗುತ್ತಿತ್ತು. ನೆತ್ತಿಯ ಮೇಲೆ ಸೂರ್ಯ ಉರಿಯುವಾಗಲೇ ಸೋಲಾರ್ ಮನೆಗೆ ಕರೆಂಟಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬ್ಯಾಟರಿ ಬಂದ್ ಆದರೆ ಅಕ್ಕನ ಹೊಲಿಗೆಯೂ ಬಂದ್. ಮೊಣಕಾಲು ಕೆಟ್ಟ ಮೇಲೆ ಆಕೆಗೆ ಮಷಿನ್ ತುಳಿಯಲಾಗುತ್ತಿರಲಿಲ್ಲ. ಊರ ಕರೆಂಟು ಹೇಳದೇ ಕೇಳದೇ ಹೋಗುತ್ತದೆಂದು, ಹೊಲಿಗೆಯ ಮೋಟರಿಗಾಗಿಯೇ ಸೋಲಾರ್ ಹಾಕಿಸಿದ್ದರು. ಕುಪ್ಪಸ ಹೊಲಿಸಲು ದುಂಡಸಿಯಿಂದಲೂ ಹೆಣ್ಣುಮಕ್ಕಳು ಆಕೆಯನ್ನು ಹುಡುಕಿಕೊಂಡು ಬರುತ್ತಾರೆ. ಹೊಲಿಗೆ ನಿಂತರೆ ಅಕ್ಕ ಮಂಕಾಗಿಬಿಡುತ್ತಾಳೆ ಎಂಬುದೇ ನನ್ನ ಹೆದರಿಕೆ.

ರಿಪೇರಿಗೆ ಬಂದವನು ಕೌದಿ ತೆಗೆದು, ತಂಪಿದ್ದರೆ ಇದು ಬಾಳುತ್ತದೆ, ಹೀಗೇ ಕುದಿಸಿದರೆ ಈ ಬೇಸಿಗೆಯೇ ಕೊನೆ ಎಂದ. ಫ್ಯಾನು ಹಚ್ಚೋಣವೇ ಎಂದು ಭಾವ ಕೇಳಿದರು. ಬ್ಯಾಟರಿಯ ಕರೆಂಟನ್ನೇ ಕರಗಿಸಿ ಬ್ಯಾಟರಿಗೇ ಗಾಳಿ ಬೀಸುವ ಜಾಣತನಕ್ಕೆ ನಾನು ನಕ್ಕೆ. ಅವರಿಗೆ ಸಿಟ್ಟು ಬಂತು.

ಮನೆಯಲ್ಲಿ ತಂಪಾದ ಜಾಗವೆಂದರೆ ಮೇಲೆ ಮಣ್ಣು ಹೊದಿಸಿದ ಮಾಳಿಗೆಯ ಹಳೆಯ ಕೋಣೆ, ಅದರಲ್ಲೂ ಉತ್ತರದ ಮೂಲೆ. ಮೊಳದಗಲದ ಮಣ್ಣಿನ ಗೋಡೆ. ಕೆಳಗಿನ ಕಿಂಡಿಯಿಂದ ತಂಗಾಳಿ ಬಂದು, ಬಿಸಿಗಾಳಿ ಮೇಲಿನ ಬೆಳಕಿಂಡಿಯಿಂದ ತಾನಾಗಿ ಹೋಗುತ್ತದೆ. ಕಟ್ಟಿದ ಗೌಂಡಿಗೆ ಕೈಮುಗಿಯಬೇಕು. ಆದರೆ ಅಲ್ಲಿ ಅಕ್ಕನ ಅತ್ತೆಯವರ ಬಿತ್ತನೆ ಬೀಜದ ಬುಟ್ಟಿಗಳಿದ್ದವು. ಸಗಣಿ ಮೆತ್ತಿ ಮುಚ್ಚಿಟ್ಟ ಜೋಳ, ಹೆಸರು, ಅವರೆ. ಮನೆ ಪಾಲಾದಾಗಲೂ ಅವರು ಆ ಮೂಲೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅಕ್ಕ ಅತ್ತೆಯ ಬಳಿ ಆ ಜಾಗ ಕೇಳಲೇ ಇಲ್ಲ. ಕತ್ತರಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅದನ್ನು ನೋಡಿದ ಅತ್ತೆ ತಾವೇ ಎದ್ದು ಶೆಡ್ಡಿಗೆ ಹೋದರು. ಕೂಸಿನ ಜ್ವರ ನೋಡುವಂತೆ ಬ್ಯಾಟರಿಯ ಪೆಟ್ಟಿಗೆಗೆ ಕೈಯಿಟ್ಟು ನೋಡಿದರು.

"ಬೀಜಾನೂ ಇಷ್ಟ ಕಾದ್ರ ಮೊಳಕಿ ಒಡ್ಯಂಗಿಲ್ಲ," ಅಂದರು. "ನನ್ನ ಮೂಲ್ಯಾಗ ತಂದ ಇಡ್ರಿ. ಬುಟ್ಟಿ ಸರಸತೇನಿ."

ನನ್ನ ಕಣ್ಣು ತುಂಬಿ ಬಂತು. ಅಂಥ ದೊಡ್ಡ ಮನಸ್ಸು ನನಗಿಲ್ಲ.

ಹಾಗೆಂದು ಅವರು ತಮ್ಮ ಕಟ್ಟಳೆ ಬಿಡಲಿಲ್ಲ. ರಿಪೇರಿಯವನ ಬೂಟನ್ನು ಹೊಸ್ತಿಲಾಚೆಯೇ ಬಿಡಿಸಿದರು. ಅವನು ಬ್ಯಾಟರಿಯನ್ನು ಇಟ್ಟಿಗೆಯ ಮೇಲೆ, ಗೋಡೆಗೆ ತಾಗದಂತೆ ಕೂರಿಸಿದ. ಸೋಲಾರ್ ಪ್ಲೇಟುಗಳನ್ನು ಮಾಳಿಗೆಯ ಮೇಲೆ ಎತ್ತರದ ಸ್ಟ್ಯಾಂಡಿಗೆ ಏರಿಸಿದ್ದರಿಂದ ಮಾಳಿಗೆಗೂ ನೆರಳಾಯಿತು. ಕೌದಿ ಅತ್ತೆಯ ಪಾಲಾಯಿತು. ಮಧ್ಯಾಹ್ನ ಅದನ್ನು ಹಾಸಿಕೊಂಡು ಅವರು ಆ ಕೋಣೆಯಲ್ಲೇ ಅಡ್ಡಾಗುತ್ತಾರೆ.

ಈ ಮೇ ತಿಂಗಳಲ್ಲಿ ನಾನು ಸವಣೂರಿನಿಂದ ಹೋಗಿದ್ದೆ. ರಣರಣ ಬಿಸಿಲು. ಅಡುಗೆಮನೆಯಲ್ಲಿದ್ದೆ. ಪಡಸಾಲೆಯ ಮಷಿನ್ ಸದ್ದು ಒಮ್ಮೆಲೇ ನಿಂತಿತು.  ಮತ್ತೆ ಕೈಕೊಟ್ಟಿತೇ ಎಂದು ಕೋಣೆಗೆ ಓಡಿ, ಕೌದಿಯ ಮೇಲೆ ಅಡ್ಡಾಗಿದ್ದ ಅತ್ತೆಯನ್ನು ಬಳಸಿ ಹೋಗಿ ಬ್ಯಾಟರಿ ಮುಟ್ಟಿದರೆ ತಣ್ಣಗಿತ್ತು. ಪಡಸಾಲೆಗೆ ಬಂದು ಏನಾಯಿತೆಂದು ಕೇಳಿದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

"ಬ್ಯಾಟರಿ ನಿಂತಿಲ್ಲ," ಅಂದಳು ಮೆಲ್ಲಗೆ. "ಅತ್ಯಾರಿಗೆ ಈಗ ನಿದ್ದಿ ಹತ್ತೇತಿ. ಮಷಿನ್ ನಾನ ನಿಲ್ಲಿಸೇನಿ."